ಪಾರಂಪರಿಕ ಹೋಟೆಲುಗಳ ನವೀಕರಣ

ಪಾರಂಪರಿಕ ಹೋಟೆಲುಗಳ ನವೀಕರಣ ಎಂದರೆ ಐತಿಹಾಸಿಕ ಮಹತ್ವವುಳ್ಳ ಹಳೆಯ ಕಟ್ಟಡದಲ್ಲಿರುವ ವಸತಿ ಹೋಟೆಲನ್ನು, ಆ ಕಟ್ಟಡದ ಮೂಲ ಸ್ವರೂಪವನ್ನು ಉಳಿಸಿಕೊಂಡು, ಇಂದಿನ ಅತಿಥಿಗಳು ನಿರೀಕ್ಷಿಸುವ ಸೌಕರ್ಯಗಳಿಗೆ ತಕ್ಕಂತೆ ಸಜ್ಜುಗೊಳಿಸುವ ಕಾರ್ಯ. ಅರಮನೆ, ಅತಿಥಿಗೃಹ, ವಾಡೆ ಮತ್ತು ಬ್ರಿಟಿಷರ ಕಾಲದ ಬಂಗಲೆಗಳು ಭಾರತದಲ್ಲಿ ಈ ಬಗೆಯ ಹೋಟೆಲುಗಳಾಗಿ ಬಳಕೆಯಲ್ಲಿವೆ. ಕರ್ನಾಟಕದಲ್ಲಿ ಮೈಸೂರಿನ ಲಲಿತ ಮಹಲ್ ಹಾಗೂ ಮೆಟ್ರೊಪೋಲ್, ಬೆಂಗಳೂರಿನ ವೆಸ್ಟ್ ಎಂಡ್ ಇದಕ್ಕೆ ಪ್ರಸಿದ್ಧ ಉದಾಹರಣೆಗಳು.

ಕನ್ನಡದ ಆಡುಮಾತಿನಲ್ಲಿ ‘ಹೋಟೆಲ್’ ಎಂಬುದು ಸಾಮಾನ್ಯವಾಗಿ ಊಟ ಉಪಾಹಾರದ ಅಂಗಡಿಯನ್ನು ಸೂಚಿಸುತ್ತದೆ. ಈ ಲೇಖನದಲ್ಲಿ ಆ ಪದವನ್ನು ತಂಗಲು ಕೋಣೆಗಳಿರುವ ವಸತಿಗೃಹ ಎಂಬ ಅರ್ಥದಲ್ಲಿ ಬಳಸಲಾಗಿದೆ.

ಪರಿಭಾಷೆ

ಹಳೆಯ ಕಟ್ಟಡಗಳ ಮೇಲೆ ನಡೆಯುವ ಕೆಲಸಗಳನ್ನು ಸೂಚಿಸುವ ಕೆಲವು ಪದಗಳು ಪರಸ್ಪರ ಹತ್ತಿರವಾಗಿದ್ದರೂ ಅವುಗಳ ಅರ್ಥ ಬೇರೆ ಬೇರೆ.

ಸಂರಕ್ಷಣೆ: ಕಟ್ಟಡ ಇರುವ ಸ್ಥಿತಿಯಲ್ಲಿಯೇ ಅದು ಮತ್ತಷ್ಟು ಹಾಳಾಗದಂತೆ ಕಾಪಾಡುವುದು. ಸ್ಮಾರಕಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಕ್ರಮ ಇದು.

ಜೀರ್ಣೋದ್ಧಾರ: ಶಿಥಿಲವಾದ ಭಾಗಗಳನ್ನು ಸರಿಪಡಿಸಿ ಹಿಂದಿನ ರೂಪಕ್ಕೆ ತರುವುದು.

ಮರುಬಳಕೆ: ಒಂದು ಉದ್ದೇಶಕ್ಕಾಗಿ ಕಟ್ಟಿದ ಕಟ್ಟಡವನ್ನು ಮತ್ತೊಂದು ಉದ್ದೇಶಕ್ಕೆ ಅಳವಡಿಸುವುದು. ಅರಮನೆಯು ಹೋಟೆಲಾಗುವುದು ಮರುಬಳಕೆ.

ನವೀಕರಣ: ಬಳಕೆಯಲ್ಲಿರುವ ಕಟ್ಟಡದ ಸೌಕರ್ಯಗಳನ್ನೂ ಅಲಂಕಾರವನ್ನೂ ಕಾಲಕ್ಕೆ ತಕ್ಕಂತೆ ಹೊಸದಾಗಿಸುವುದು.

ಪಾರಂಪರಿಕ ಹೋಟೆಲಿನಲ್ಲಿ ಈ ನಾಲ್ಕೂ ಕೆಲಸಗಳು ಒಂದರೊಡನೊಂದು ಬೆರೆತಿರುತ್ತವೆ. ಮುಂಭಾಗದ ಕಂಬಗಳಿಗೆ ಸಂರಕ್ಷಣೆ, ಸೋರುವ ಚಾವಣಿಗೆ ಜೀರ್ಣೋದ್ಧಾರ, ಸ್ನಾನಗೃಹಕ್ಕೆ ನವೀಕರಣ ಎಂದು ಒಂದೇ ಕಟ್ಟಡದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕ್ರಮ ಬೇಕಾಗುತ್ತದೆ. ಯಾವ ಭಾಗಕ್ಕೆ ಯಾವ ಕ್ರಮ ಎಂಬ ನಿರ್ಧಾರವೇ ಇಡೀ ಕೆಲಸದ ತಿರುಳು.

ಹಿನ್ನೆಲೆ

ದುರಸ್ತಿ ಮತ್ತು ಆದಾಯ

ಕಟ್ಟಡವನ್ನು ಕಟ್ಟುವುದಷ್ಟೇ ಸಾಲದು, ಅದರ ದುರಸ್ತಿಗೆ ನಿರಂತರವಾದ ಆದಾಯವನ್ನೂ ಒದಗಿಸಬೇಕು ಎಂಬ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ದೇವಾಲಯಗಳಿಗೆ ಭೂಮಿಯನ್ನು ದಾನ ನೀಡಿದ ಕನ್ನಡ ಶಾಸನಗಳಲ್ಲಿ, ದೇವರ ಅಂಗಭೋಗ ರಂಗಭೋಗಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಉದ್ದೇಶವೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮುರಿದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವ ವೆಚ್ಚಕ್ಕೆ ಆ ಭೂಮಿಯ ಹುಟ್ಟುವಳಿ ಸಲ್ಲಬೇಕು ಎಂಬುದು ಅದರ ತಾತ್ಪರ್ಯ.

ದತ್ತಿಯೂ ರಾಜಾಶ್ರಯವೂ ಇಲ್ಲವಾದ ಕಾಲದಲ್ಲಿ ದೊಡ್ಡ ಕಟ್ಟಡಗಳಿಗೆ ಈ ಆದಾಯ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಹೋಟೆಲೂ ಒಂದು. ಅತಿಥಿಗಳು ಕೊಡುವ ಬಾಡಿಗೆಯಿಂದ ಚಾವಣಿಯ ಸೋರಿಕೆ ನಿಲ್ಲಬೇಕು ಎಂಬುದು ಇದರ ಹಿಂದಿನ ತರ್ಕ. ಆದರೆ ಆದಾಯ ತರುವ ಬಳಕೆಯೇ ಕಟ್ಟಡಕ್ಕೆ ಹಾನಿ ತರಬಹುದು ಎಂಬುದಕ್ಕೂ ಇತಿಹಾಸದಲ್ಲಿ ನಿದರ್ಶನಗಳಿವೆ.

ವಿಜಯಪುರದ ಪ್ರವಾಸಿ ಬಂಗಲೆ

ಹಳೆಯ ಕಟ್ಟಡವನ್ನು ತಂಗುದಾಣವಾಗಿಸಿದ ಆರಂಭದ ಉದಾಹರಣೆಯೊಂದು ವಿಜಯಪುರದಲ್ಲಿ ದೊರೆಯುತ್ತದೆ. ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಈ ನಗರವನ್ನು 1686ರಲ್ಲಿ ಔರಂಗಜೇಬನು ವಶಪಡಿಸಿಕೊಂಡ ನಂತರ ಅಲ್ಲಿನ ಅರಮನೆಗಳು ಕ್ರಮೇಣ ಪಾಳುಬಿದ್ದವು. ಬ್ರಿಟಿಷರ ಆಡಳಿತದಲ್ಲಿ 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ವಿಜಯಪುರಕ್ಕೆ ಸ್ಥಳಾಂತರಗೊಂಡಾಗ ಕಚೇರಿಗಳಿಗೂ ಅಧಿಕಾರಿಗಳ ವಾಸಕ್ಕೂ ಕಟ್ಟಡಗಳು ಬೇಕಾದವು. ಹೊಸದಾಗಿ ಕಟ್ಟುವ ಬದಲು ಅರೆಕಿಲ್ಲೆಯ ಹಲವು ಹಳೆಯ ಕಟ್ಟಡಗಳನ್ನೇ ಮಾರ್ಪಡಿಸಿ ಬಳಸಲಾಯಿತು. ಗೋಳಗುಮ್ಮಟದ ಪಕ್ಕದ ಮಸೀದಿಯು ಪ್ರವಾಸಿ ಬಂಗಲೆಯಾಗಿತ್ತು. ಮತ್ತೊಂದು ಮಸೀದಿಯಲ್ಲಿ ಅಂಚೆ ಕಚೇರಿ ನಡೆಯುತ್ತಿತ್ತು.

ಈ ಬಳಕೆಯಿಂದ ಕಟ್ಟಡಗಳ ಚಾವಣಿಗಳು ಉಳಿದವು ಎಂಬುದು ನಿಜ. ಆದರೆ ಪ್ರಾರ್ಥನೆಗಾಗಿ ಕಟ್ಟಿದ ಸ್ಥಳದಲ್ಲಿ ಪ್ರವಾಸಿಗಳ ವಾಸ ಏರ್ಪಟ್ಟಿತು. 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಈ ಬಗೆಯ ಬಳಕೆಯನ್ನು ವಿರೋಧಿಸಿ, ವಿಜಯಪುರದ ಮಸೀದಿಗಳಿಂದ ಬಂಗಲೆಯನ್ನೂ ಅಂಚೆ ಕಚೇರಿಯನ್ನೂ ತೆರವುಗೊಳಿಸಿದನು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಮಸೂದೆಯ ಕುರಿತು ಮಾತನಾಡುವಾಗ ಅವನು ಈ ಸಂಗತಿಯನ್ನು ಪ್ರಸ್ತಾಪಿಸಿದ್ದಾನೆ. ಅದೇ ವರ್ಷ ಆ ಮಸೂದೆ ಕಾಯಿದೆಯಾಯಿತು. ಪ್ರತಿಯೊಂದು ಹಳೆಯ ಕಟ್ಟಡವೂ ಹೋಟೆಲಾಗಲು ತಕ್ಕುದಲ್ಲ ಎಂಬ ಮೊದಲ ಪಾಠವನ್ನು ವಿಜಯಪುರದ ಈ ಪ್ರಸಂಗ ಕಲಿಸುತ್ತದೆ.

ಗೋಳಗುಮ್ಮಟದ ನಗಾರಖಾನೆಯ ಕಥೆ ಇದಕ್ಕಿಂತ ಭಿನ್ನವಾದುದು. ಅದು 1892ರಲ್ಲಿ ವಸ್ತುಸಂಗ್ರಹಾಲಯವಾಯಿತು ಮತ್ತು ಇಂದಿಗೂ ಹಾಗೆಯೇ ಬಳಕೆಯಲ್ಲಿದೆ. ಕಟ್ಟಡದ ಸ್ವಭಾವಕ್ಕೆ ಹೊಂದುವ ಬಳಕೆ ದೀರ್ಘಕಾಲ ಬಾಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅರಮನೆಗಳು ಹೋಟೆಲುಗಳಾದದ್ದು

ಸ್ವಾತಂತ್ರ್ಯಾನಂತರ ದೇಶೀಯ ಸಂಸ್ಥಾನಗಳು ವಿಲೀನಗೊಂಡವು. ಹಿಂದಿನ ಅರಸರ ಕೈಯಲ್ಲಿ ವಿಶಾಲವಾದ ಅರಮನೆಗಳು ಉಳಿದವು. ಅವುಗಳನ್ನು ನಡೆಸಿಕೊಂಡು ಹೋಗುವ ರಾಜ್ಯಾದಾಯ ಉಳಿಯಲಿಲ್ಲ. ಜಯಪುರದ ರಾಮಬಾಗ್ ಅರಮನೆ 1957ರಲ್ಲಿಯೂ ಉದಯಪುರದ ಸರೋವರದ ನಡುವಣ ಜಗನಿವಾಸ ಅರಮನೆ 1963ರಲ್ಲಿಯೂ ಹೋಟೆಲುಗಳಾದವು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ರಾಜಧನ ರದ್ದಾದ ಮೇಲೆ ಈ ಪ್ರವೃತ್ತಿ ಮತ್ತಷ್ಟು ಬಲಗೊಂಡಿತು.

ಕರ್ನಾಟಕದ ಉದಾಹರಣೆಗಳು

ವೆಸ್ಟ್ ಎಂಡ್, ಬೆಂಗಳೂರು

ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿರುವ ವೆಸ್ಟ್ ಎಂಡ್ ಅರಮನೆಯಾಗಿದ್ದುದಲ್ಲ. ಅದು ಮೊದಲಿನಿಂದಲೂ ತಂಗುದಾಣವೇ. 1887ರಲ್ಲಿ ಬ್ರಾನ್ಸನ್ ಎಂಬ ಬ್ರಿಟಿಷ್ ಮಹಿಳೆ 10 ಕೋಣೆಗಳ ವಸತಿಗೃಹವಾಗಿ ಇದನ್ನು ಆರಂಭಿಸಿದರು. ಮುಂದೆ 1912ರಲ್ಲಿ ಸ್ಪೆನ್ಸರ್ ಕಂಪನಿಗೆ ಸೇರಿದ ಈ ಹೋಟೆಲಿನ ನಿರ್ವಹಣೆ 1984ರಲ್ಲಿ ತಾಜ್ ಸಮೂಹಕ್ಕೆ ಬಂದಿತು. ಸುಮಾರು 20 ಎಕರೆಯ ಆವರಣದಲ್ಲಿ ಹಳೆಯ ಮರಗಳ ನಡುವೆ ಹರಡಿಕೊಂಡಿರುವ ಕಡಿಮೆ ಎತ್ತರದ ಕಟ್ಟಡಗಳು ಇದರ ವೈಶಿಷ್ಟ್ಯ.

ಇಲ್ಲಿ ಪರಂಪರೆ ಎಂಬುದು ಗೋಡೆಗಳಿಗಷ್ಟೇ ಸೀಮಿತವಾಗಿಲ್ಲ. ತೋಟ, ಮರಗಳು, ಕಟ್ಟಡಗಳ ನಡುವಣ ತೆರಪು ಇವೆಲ್ಲವೂ ಸೇರಿ ಹಳೆಯ ದಂಡು ಪ್ರದೇಶದ ಬಂಗಲೆ ಸಂಸ್ಕೃತಿಯ ಚಿತ್ರವನ್ನು ಉಳಿಸಿವೆ. ನಗರದ ನಡುವೆ ಭೂಮಿಯ ಬೆಲೆ ಏರಿದಂತೆಲ್ಲ ಇಂತಹ ಆವರಣಗಳು ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಡುವುದು ಸಾಮಾನ್ಯ. ಬೆಂಗಳೂರಿನ ಎಷ್ಟೋ ಹಳೆಯ ಬಂಗಲೆಗಳು ಹಾಗೆ ಮರೆಯಾಗಿವೆ. ಹೋಟೆಲಾಗಿ ನಡೆಯುತ್ತಿರುವುದೇ ಈ ಆವರಣ ಉಳಿಯಲು ಒಂದು ಮುಖ್ಯ ಕಾರಣ.

ಮೆಟ್ರೊಪೋಲ್, ಮೈಸೂರು

ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಬ್ರಿಟಿಷ್ ಅತಿಥಿಗಳಿಗಾಗಿ 1920ರಲ್ಲಿ ಕಟ್ಟಿಸಿದ ಕಟ್ಟಡ ಇದು. ರೈಲು ನಿಲ್ದಾಣಕ್ಕೆ ಸಮೀಪದಲ್ಲಿ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿದೆ. ತೆರೆದ ಅಂಗಳ, ಉದ್ದನೆಯ ಜಗಲಿಗಳು ಮತ್ತು ಎತ್ತರದ ಚಾವಣಿಯ ಕೋಣೆಗಳು ಇದರ ಲಕ್ಷಣಗಳು. ಹೋಟೆಲಾಗಿ ಬಹುಕಾಲ ನಡೆದು ಅನಂತರ ಕೆಲವು ವರ್ಷ ಮುಚ್ಚಿದ್ದ ಈ ಸರ್ಕಾರಿ ಒಡೆತನದ ಕಟ್ಟಡವನ್ನು, 2000ದ ದಶಕದಲ್ಲಿ ರಾಯಲ್ ಆರ್ಕಿಡ್ ಸಂಸ್ಥೆ ಗುತ್ತಿಗೆಯ ಮೇಲೆ ಪಡೆದು ನವೀಕರಿಸಿ ಮತ್ತೆ ತೆರೆಯಿತು.

ಒಡೆತನ ಸಾರ್ವಜನಿಕವಾಗಿದ್ದು ನಿರ್ವಹಣೆ ಖಾಸಗಿಯಾಗಿರುವ ವ್ಯವಸ್ಥೆಗೆ ಮೆಟ್ರೊಪೋಲ್ ಉದಾಹರಣೆ. ಇಂತಹ ಒಪ್ಪಂದಗಳಲ್ಲಿ ಗುತ್ತಿಗೆಯ ಅವಧಿಗೆ ವಿಶೇಷ ಮಹತ್ವವಿದೆ. ಅವಧಿ ಅತಿ ಚಿಕ್ಕದಾದರೆ ಗುತ್ತಿಗೆದಾರರು ಕಣ್ಣಿಗೆ ಕಾಣುವ ಅಲಂಕಾರಕ್ಕಷ್ಟೇ ಹಣ ಹಾಕಿ, ಕಾಣದಿರುವ ಚಾವಣಿ ಮತ್ತು ಚರಂಡಿಯ ಕೆಲಸವನ್ನು ಮುಂದೂಡುವ ಸಂಭವವಿರುತ್ತದೆ. ಅತಿ ದೀರ್ಘವಾದರೆ ಸಾರ್ವಜನಿಕ ಆಸ್ತಿಯ ಮೇಲಿನ ಹಿಡಿತ ಸಡಿಲವಾಗಬಹುದು.

ಲಲಿತ ಮಹಲ್, ಮೈಸೂರು

ಚಾಮುಂಡಿ ಬೆಟ್ಟದ ಸಮೀಪ ನಗರದ ಪೂರ್ವದಿಕ್ಕಿನ ದಿಣ್ಣೆಯ ಮೇಲಿರುವ ಲಲಿತ ಮಹಲ್ ಅನ್ನು ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಅವರ ವಾಸ್ತವ್ಯಕ್ಕಾಗಿ ಕಟ್ಟಿಸಿದರು. 1921ರಲ್ಲಿ ಇದರ ಶಂಕುಸ್ಥಾಪನೆ ನಡೆಯಿತು. ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ ವಿನ್ಯಾಸ ರಚಿಸಿದರು, ಬಿ. ಮುನಿವೆಂಕಟಪ್ಪ ನಿರ್ಮಾಣದ ಹೊಣೆ ಹೊತ್ತರು. ಮಧ್ಯದ ದೊಡ್ಡ ಗುಮ್ಮಟವು ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಅನ್ನು ನೆನಪಿಸುತ್ತದೆ. ಬಿಳಿಯ ಮುಂಭಾಗ, ಜೋಡಿ ಕಂಬಗಳ ಸಾಲು, ಇಟಲಿಯ ಅಮೃತಶಿಲೆಯ ಮೆಟ್ಟಿಲು, ಬಣ್ಣದ ಗಾಜಿನ ಬೆಳಕಿಂಡಿಗಳು ಮತ್ತು ಹಳೆಯ ಕಾಲದ ಲಿಫ್ಟ್ ಇಲ್ಲಿನ ಆಕರ್ಷಣೆಗಳು.

1974ರಲ್ಲಿ ಈ ಅರಮನೆ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಶೋಕ ಸಮೂಹದ ಹೋಟೆಲಾಯಿತು. ಆಗ ನೃತ್ಯಾಂಗಣವಾಗಿದ್ದ ವಿಶಾಲ ಸಭಾಂಗಣವು ಭೋಜನಶಾಲೆಯಾಯಿತು. ನೃತ್ಯಕ್ಕೂ ಭೋಜನಕ್ಕೂ ಬೇಕಾದುದು ಕಂಬಗಳ ಅಡ್ಡಿಯಿಲ್ಲದ, ಬೆಳಕು ತುಂಬಿದ ದೊಡ್ಡ ಸ್ಥಳ. ಹಾಗಾಗಿ ಗೋಡೆಗಳನ್ನು ಒಡೆಯದೆಯೇ ಬಳಕೆಯನ್ನು ಬದಲಿಸಲು ಸಾಧ್ಯವಾಯಿತು. ಮರುಬಳಕೆಯ ವಿಷಯದಲ್ಲಿ ಇದೊಂದು ಒಳ್ಳೆಯ ಮಾದರಿ.

ಕೇಂದ್ರ ಸರ್ಕಾರವು ತನ್ನ ಹೋಟೆಲುಗಳ ಹೊಣೆಯಿಂದ ಹಿಂದೆ ಸರಿಯುವ ನೀತಿಯನ್ನು ಕೈಗೊಂಡಾಗ, 2018ರಲ್ಲಿ ಲಲಿತ ಮಹಲ್ ರಾಜ್ಯ ಸರ್ಕಾರಕ್ಕೆ ಮರಳಿತು. ಬಳಿಕ ಅದರ ನಿರ್ವಹಣೆಯನ್ನು ರಾಜ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಗೆ ವಹಿಸಲಾಯಿತು. ಸುಮಾರು ನೂರು ವರ್ಷ ಹಳೆಯ ಇಷ್ಟು ದೊಡ್ಡ ಕಟ್ಟಡಕ್ಕೆ ಸಣ್ಣಪುಟ್ಟ ದುರಸ್ತಿ ಸಾಲದು. ಸಮಗ್ರ ನವೀಕರಣದ ವೆಚ್ಚವನ್ನು ಯಾರು ಭರಿಸಬೇಕು, ಅದಕ್ಕೆ ಪ್ರತಿಯಾಗಿ ಅವರಿಗೆ ಯಾವ ಹಕ್ಕು ದೊರೆಯಬೇಕು ಎಂಬುದು ಇಂತಹ ಎಲ್ಲ ಸರ್ಕಾರಿ ಅರಮನೆಗಳ ಎದುರಿಗಿರುವ ಪ್ರಶ್ನೆ.

ನೆರೆರಾಜ್ಯಗಳ ಎರಡು ನವೀಕರಣಗಳು

ಕರ್ನಾಟಕಕ್ಕೆ ಹೊಂದಿಕೊಂಡ ರಾಜ್ಯಗಳಲ್ಲಿ ನಡೆದ ಎರಡು ನವೀಕರಣಗಳು ಇಂತಹ ಕೆಲಸದ ಪ್ರಮಾಣವನ್ನು ಅರಿಯಲು ಸಹಾಯಕವಾಗಿವೆ.

ಹೈದರಾಬಾದಿನ ಫಲಕ್‌ನುಮಾ ಅರಮನೆಯ ನಿರ್ಮಾಣವನ್ನು ಪಾಯಿಗಾ ಮನೆತನದ ವಿಕಾರುಲ್ ಉಮ್ರಾ 1884ರಲ್ಲಿ ಆರಂಭಿಸಿದರು. ಮುಂದೆ ಅದು ಆರನೆಯ ನಿಜಾಮರ ವಶಕ್ಕೆ ಬಂದು ರಾಜಾತಿಥಿಗಳ ನಿವಾಸವಾಯಿತು. ಹಲವು ದಶಕಗಳ ಕಾಲ ಹೆಚ್ಚಾಗಿ ಮುಚ್ಚಿಯೇ ಇದ್ದ ಈ ಅರಮನೆಯನ್ನು ತಾಜ್ ಸಮೂಹ ಗುತ್ತಿಗೆಗೆ ಪಡೆಯಿತು. ನಿಜಾಮ ಮನೆತನದ ರಾಜಕುಮಾರಿ ಎಸ್ರಾ ಅವರ ಮೇಲ್ವಿಚಾರಣೆಯಲ್ಲಿ 2000ದಲ್ಲಿ ಆರಂಭವಾದ ಕೆಲಸ ಮುಗಿದು ಹೋಟೆಲ್ ತೆರೆದದ್ದು 2010ರ ನವೆಂಬರಿನಲ್ಲಿ. ಕೇವಲ 60 ಕೋಣೆಗಳ ಹೋಟೆಲಿಗೆ 10 ವರ್ಷ ಹಿಡಿದದ್ದಕ್ಕೆ ಕಾರಣ ಕೋಣೆಗಳ ಸಂಖ್ಯೆಯಲ್ಲ. ಕೆತ್ತನೆಯ ಮರ, ಚರ್ಮದ ಹೊದಿಕೆ, ಚಿತ್ರಿತ ಚಾವಣಿ, ದೀಪಗುಚ್ಛ ಇವುಗಳನ್ನು ಒಂದೊಂದಾಗಿ ಸರಿಪಡಿಸಬೇಕಾಗಿ ಬಂದದ್ದು. 101 ಮಂದಿ ಒಟ್ಟಿಗೆ ಕುಳಿತು ಉಣ್ಣಬಹುದಾದ ಭೋಜನದ ಮೇಜು ಇಲ್ಲಿ ಇಂದಿಗೂ ಇದೆ.

ಮುಂಬಯಿಯ ತಾಜ್ ಮಹಲ್ ಹೋಟೆಲನ್ನು ಜಮ್‌ಷೇಟ್‌ಜಿ ಟಾಟಾ ಕಟ್ಟಿಸಿದರು. ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಆರಂಭಿಸಿದ ವಿನ್ಯಾಸವನ್ನು ಡಬ್ಲ್ಯು. ಎ. ಚೇಂಬರ್ಸ್ ಪೂರ್ಣಗೊಳಿಸಿದರು. 1903ರ ಡಿಸೆಂಬರ್ 16ರಂದು ಹೋಟೆಲ್ ಬಾಗಿಲು ತೆರೆಯಿತು. 2008ರ ನವೆಂಬರ್ 26ರಂದು ಆರಂಭವಾದ ಭಯೋತ್ಪಾದಕ ದಾಳಿಯಲ್ಲಿ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಅಪಾರ ಹಾನಿಯಾಯಿತು. 1970ರ ದಶಕದಲ್ಲಿ ಸೇರಿಸಿದ್ದ ಗೋಪುರ ಕಟ್ಟಡ ಒಂದು ತಿಂಗಳೊಳಗೆ ತೆರೆಯಿತಾದರೂ, ಹಳೆಯ ಕಟ್ಟಡ ಪೂರ್ಣವಾಗಿ ತೆರೆಯಲು 2010ರ ಆಗಸ್ಟ್ 15ರವರೆಗೆ ಕಾಯಬೇಕಾಯಿತು. ಹೊಸ ಕಟ್ಟಡವನ್ನು ಸರಿಪಡಿಸುವುದಕ್ಕೂ ಹಳೆಯದನ್ನು ಸರಿಪಡಿಸುವುದಕ್ಕೂ ಇರುವ ಅಂತರವನ್ನು ಈ ಎರಡು ದಿನಾಂಕಗಳೇ ತೋರಿಸುತ್ತವೆ. ಮೃತರ ಸ್ಮಾರಕವೂ ಹೋಟೆಲಿನಲ್ಲಿದೆ.

ನವೀಕರಣದ ಕ್ರಮ

ಸಮೀಕ್ಷೆ

ಕೆಲಸ ಆರಂಭವಾಗುವುದು ದಾಖಲೆಯಿಂದ. ಕಟ್ಟಡದ ಪ್ರತಿಯೊಂದು ಕೋಣೆಯ ಅಳತೆ, ಛಾಯಾಚಿತ್ರ, ಬಿರುಕುಗಳ ನಕ್ಷೆ, ತೇವದ ಗುರುತುಗಳು, ಗೆದ್ದಲು ಹಿಡಿದ ಮರ ಇವೆಲ್ಲವನ್ನೂ ಬರೆದಿಡಲಾಗುತ್ತದೆ. ಯಾವ ಭಾಗ ಮೂಲದ್ದು, ಯಾವುದು ಅನಂತರ ಸೇರಿದ್ದು ಎಂಬುದನ್ನೂ ಗುರುತಿಸಲಾಗುತ್ತದೆ. ಬಣ್ಣದ ಪದರಗಳನ್ನು ಸಣ್ಣ ಜಾಗದಲ್ಲಿ ಒಂದೊಂದಾಗಿ ಕೆರೆದು ನೋಡಿದರೆ ಗೋಡೆಯ ಮೊದಲ ಬಣ್ಣ ತಿಳಿಯುತ್ತದೆ.

ಗಾರೆ ಮತ್ತು ಗೋಡೆ

ಸಿಮೆಂಟ್ ಬಳಕೆ ವ್ಯಾಪಕವಾಗುವ ಮುನ್ನ ಕಟ್ಟಿದ ಗೋಡೆಗಳು ಕಲ್ಲು ಅಥವಾ ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತ ನಿಧಾನವಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯೊಳಗಿನ ತೇವ ಆವಿಯಾಗಿ ಹೊರಹೋಗುತ್ತದೆ. ಇದನ್ನೇ ಗೋಡೆ ಉಸಿರಾಡುತ್ತದೆ ಎಂದು ಹೇಳುವುದುಂಟು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮುಂತಾದವನ್ನು ಬೆರೆಸಿ ಅದರ ಗುಣವನ್ನು ಹೆಚ್ಚಿಸುವುದು ದಕ್ಷಿಣ ಭಾರತದ ಹಳೆಯ ಪದ್ಧತಿ.

ಇಂತಹ ಗೋಡೆಗೆ ಸಿಮೆಂಟ್ ಬಳಿದರೆ ಹೊರಕ್ಕೆ ದಾರಿಯಿಲ್ಲದ ತೇವ ಒಳಗೇ ಉಳಿಯುತ್ತದೆ. ಅದರೊಡನೆ ಬಂದ ಲವಣಗಳು ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಮಾಡುತ್ತವೆ. ಕೆಲವು ವರ್ಷಗಳಲ್ಲಿ ಗಿಲಾವು ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತದೆ. ಆದ್ದರಿಂದ ಪಾರಂಪರಿಕ ಕಟ್ಟಡಗಳಲ್ಲಿ ಹಿಂದಿನ ಸಿಮೆಂಟ್ ತೇಪೆಗಳನ್ನು ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ಬಳಸುವುದು ಸರಿಯಾದ ಕ್ರಮ. ಇದಕ್ಕೆ ಸಮಯ ಹೆಚ್ಚು ಬೇಕು. ಗಾರೆ ಕೆಲಸ ಬಲ್ಲ ಕುಶಲಕರ್ಮಿಗಳೂ ಬೇಕು. ಗೋಳಗುಮ್ಮಟದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟವೂ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದಲೇ ಆದದ್ದು ಎಂಬುದನ್ನು ನೆನೆದರೆ ಈ ವಸ್ತುವಿನ ಬಾಳಿಕೆ ಅರ್ಥವಾಗುತ್ತದೆ.

ನೀರು, ವಿದ್ಯುತ್ ಮತ್ತು ಹವಾನಿಯಂತ್ರಣ

ಹಳೆಯ ಅರಮನೆಯ ಪ್ರತಿಯೊಂದು ಮಲಗುವ ಕೋಣೆಗೂ ಪ್ರತ್ಯೇಕ ಸ್ನಾನಗೃಹ ಇರಲಿಲ್ಲ. ಇಂದಿನ ಅತಿಥಿಗೆ ಅದು ಅನಿವಾರ್ಯ. ಮರದ ತೊಲೆಗಳ ಮೇಲೆ ನಿಂತ ಮಹಡಿಯಲ್ಲಿ ಸ್ನಾನಗೃಹ ಮಾಡಿದರೆ ಭಾರವೂ ಹೆಚ್ಚುತ್ತದೆ, ಒಂದು ಸಣ್ಣ ಸೋರಿಕೆಯೂ ವರ್ಷಗಟ್ಟಲೆ ಕಾಣದಂತೆ ತೊಲೆಯನ್ನು ಕೊಳೆಸುತ್ತದೆ. ಆದ್ದರಿಂದ ಕೊಳವೆಗಳನ್ನು ಗೋಡೆಯೊಳಗೆ ಹುದುಗಿಸುವ ಬದಲು ಹಿಂಭಾಗದಲ್ಲಿ ಪ್ರತ್ಯೇಕ ಕಂಡಿಯ ಮೂಲಕ ಒಯ್ಯುವುದು ಲೇಸು. ಆಗ ಗೋಡೆ ಒಡೆಯದೆಯೇ ದುರಸ್ತಿ ಸಾಧ್ಯ.

ಹವಾನಿಯಂತ್ರಣದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ದಪ್ಪ ಗೋಡೆ, ಎತ್ತರದ ಚಾವಣಿ, ಮೇಲಿನ ಗವಾಕ್ಷಿ, ಸುತ್ತಲಿನ ಜಗಲಿ ಇವು ಹಳೆಯ ಕಟ್ಟಡದ ತಂಪಿನ ವ್ಯವಸ್ಥೆ. ಯಂತ್ರದ ತಂಪಿಗಾಗಿ ಗವಾಕ್ಷಿಗಳನ್ನು ಮುಚ್ಚಿ, ಕೊಳವೆಗಳನ್ನು ಮರೆಮಾಡಲು ಕೆಳಗೊಂದು ಸುಳ್ಳು ಚಾವಣಿ ಹಾಕಿದರೆ ಕೋಣೆಯ ಎತ್ತರವೂ ಚಾವಣಿಯ ಅಲಂಕಾರವೂ ಮರೆಯಾಗುತ್ತವೆ. ಹೀಗೆ ಐಷಾರಾಮಕ್ಕಾಗಿ ಮಾಡಿದ ವೆಚ್ಚವೇ ಕಟ್ಟಡದ ನಿಜವಾದ ವೈಭವವನ್ನು ಮುಚ್ಚಿಬಿಡುವ ಅಪಾಯವಿದೆ.

ಐಷಾರಾಮದ ಕಲ್ಪನೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದೂ ಇಲ್ಲಿ ಗಮನಾರ್ಹ. 1903ರಲ್ಲಿ ವಿದ್ಯುತ್ ದೀಪವೇ ಅಚ್ಚರಿಯಾಗಿತ್ತು. ಬಳಿಕ ಲಿಫ್ಟ್, ಅನಂತರ ಹವಾನಿಯಂತ್ರಣ, ಈಗ ಅಂತರಜಾಲ. ಇಂದು ಸೇರಿಸುವ ಸೌಕರ್ಯವನ್ನೂ ಮುಂದೊಂದು ದಿನ ತೆಗೆಯಬೇಕಾಗುತ್ತದೆ. ಆದುದರಿಂದ ಮೂಲ ರಚನೆಗೆ ಪೆಟ್ಟಾಗದಂತೆ ಮರಳಿ ತೆಗೆಯಬಹುದಾದ ರೀತಿಯಲ್ಲಿ ಸೇರಿಸಬೇಕು ಎಂಬುದು ಸಂರಕ್ಷಣಾ ಶಾಸ್ತ್ರದ ಮುಖ್ಯ ಸೂತ್ರಗಳಲ್ಲೊಂದು.

ಅಗ್ನಿ ಸುರಕ್ಷತೆ

ಮರದ ಮೆಟ್ಟಿಲು, ಮರದ ನೆಲ, ಪರದೆ ಮತ್ತು ರತ್ನಗಂಬಳಿಗಳಿರುವ ಕಟ್ಟಡದಲ್ಲಿ ಬೆಂಕಿ ಬೇಗ ಹರಡುತ್ತದೆ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದದ್ದರಿಂದಲೇ ಇಂದಿನ ಅರಮನೆಯನ್ನು ಕಟ್ಟಬೇಕಾಯಿತು. ಹೋಟೆಲಿನ ನವೀಕರಣದಲ್ಲಿ ಹಳೆಯ ತಂತಿಗಳನ್ನು ಪೂರ್ಣವಾಗಿ ಬದಲಾಯಿಸುವುದು, ಹೊಗೆ ಸೂಚಕಗಳನ್ನು ಅಳವಡಿಸುವುದು, ಅಡುಗೆಮನೆಯನ್ನು ಮುಖ್ಯ ಕಟ್ಟಡದಿಂದ ಬೇರ್ಪಡಿಸುವುದು ಮತ್ತು ಎರಡನೆಯ ನಿರ್ಗಮನ ದಾರಿ ಕಲ್ಪಿಸುವುದು ಅಲಂಕಾರಕ್ಕಿಂತ ಮೊದಲು ಆಗಬೇಕಾದ ಕೆಲಸಗಳು.

ಒಳಾಲಂಕಾರ

ಹಳೆಯ ಬೀಟೆ ಮತ್ತು ತೇಗದ ಪೀಠೋಪಕರಣಗಳನ್ನು ಬದಲಾಯಿಸುವುದಕ್ಕಿಂತ ಸರಿಪಡಿಸುವುದು ಉಚಿತ. ದೀಪಗುಚ್ಛಗಳನ್ನು ಬಿಚ್ಚುವಾಗ ಪ್ರತಿ ಹರಳಿಗೂ ಸಂಖ್ಯೆ ನೀಡಿ, ತೊಳೆದು, ಅದೇ ಕ್ರಮದಲ್ಲಿ ಜೋಡಿಸಲಾಗುತ್ತದೆ. ಹೊಸದಾಗಿ ಸೇರಿಸುವ ವಸ್ತುಗಳಲ್ಲಿ ಸ್ಥಳೀಯ ಕಸುಬುಗಳಿಗೆ ಎಡೆ ದೊರೆತರೆ ನವೀಕರಣದ ಲಾಭ ಹೋಟೆಲಿನ ಆವರಣದಾಚೆಗೂ ತಲುಪುತ್ತದೆ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸ, ಚನ್ನಪಟ್ಟಣದ ಅರಗಿನ ಸಾಮಾನು, ಬೀದರಿನ ಬಿದರಿ ಕಲೆ, ಇಳಕಲ್ಲಿನ ನೇಯ್ಗೆ ಇವು ಕರ್ನಾಟಕದಲ್ಲಿ ಇದಕ್ಕೆ ಒದಗಬಲ್ಲ ಕಲೆಗಳು.

ನಿಯಮಗಳು ಮತ್ತು ವರ್ಗೀಕರಣ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಪಾರಂಪರಿಕ ಹೋಟೆಲುಗಳನ್ನು ಹೆರಿಟೇಜ್, ಹೆರಿಟೇಜ್ ಕ್ಲಾಸಿಕ್ ಮತ್ತು ಹೆರಿಟೇಜ್ ಗ್ರ್ಯಾಂಡ್ ಎಂಬ ಮೂರು ವರ್ಗಗಳಲ್ಲಿ ಗುರುತಿಸುತ್ತದೆ. ಮೊದಲ ವರ್ಗಕ್ಕೆ ಕಟ್ಟಡ 1950ಕ್ಕೆ ಮುನ್ನ ಕಟ್ಟಿದ್ದಾಗಿರಬೇಕು ಮತ್ತು ಕನಿಷ್ಠ 5 ಕೋಣೆಗಳಿರಬೇಕು. ಉಳಿದೆರಡಕ್ಕೆ 1935ಕ್ಕೆ ಮುನ್ನ ಕಟ್ಟಿದ, ಕನಿಷ್ಠ 15 ಕೋಣೆಗಳ ಕಟ್ಟಡ ಬೇಕು. ಮುಂಭಾಗದ ಸ್ವರೂಪ ಗಣನೀಯವಾಗಿ ಬದಲಾಗಿರಬಾರದು ಎಂಬುದು ಮುಖ್ಯ ಷರತ್ತು.

ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆಯೂ ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯಿದೆಯೂ ಅನ್ವಯಿಸುತ್ತವೆ. ಕೇಂದ್ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಡ ಕಟ್ಟಲು ಅಥವಾ ಬದಲಾಯಿಸಲು ಅನುಮತಿ ಅಗತ್ಯ. ಅಂತರರಾಷ್ಟ್ರೀಯ ಮಟ್ಟದಲ್ಲಿ 1964ರ ವೆನಿಸ್ ಸನ್ನದು ಸಂರಕ್ಷಣೆಯ ತತ್ತ್ವಗಳನ್ನು ನಿರೂಪಿಸಿದೆ. ಭಾರತದಲ್ಲಿ 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆ ಈ ಕ್ಷೇತ್ರದಲ್ಲಿ ಕಾರ್ಯನಿರತವಾಗಿದೆ.

ಚರ್ಚೆಗಳು

ಪಾರಂಪರಿಕ ಕಟ್ಟಡಗಳು ಐಷಾರಾಮಿ ಹೋಟೆಲುಗಳಾಗುವುದರ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಬಳಕೆಯಿಲ್ಲದ ಕಟ್ಟಡ ಬೇಗ ಕುಸಿಯುತ್ತದೆ, ದುರಸ್ತಿಗೆ ಬೇಕಾದ ಹಣವನ್ನು ಸರ್ಕಾರವೊಂದೇ ಒದಗಿಸಲಾರದು, ಹೋಟೆಲಿನಿಂದ ಸ್ಥಳೀಯರಿಗೆ ಉದ್ಯೋಗ ದೊರೆಯುತ್ತದೆ ಎಂಬುದು ಪರವಾದ ವಾದ.

ಕೋಣೆಯ ಬಾಡಿಗೆ ಜನಸಾಮಾನ್ಯರ ಕೈಗೆಟುಕದಷ್ಟಾದಾಗ ಊರಿನ ಚರಿತ್ರೆಯ ಭಾಗವಾದ ಕಟ್ಟಡವು ಊರಿನವರಿಗೇ ಪರಕೀಯವಾಗುತ್ತದೆ ಎಂಬುದು ಮುಖ್ಯ ಆಕ್ಷೇಪ. ಸಾರ್ವಜನಿಕ ಒಡೆತನದ ಕಟ್ಟಡಗಳ ವಿಷಯದಲ್ಲಿ ಈ ಆಕ್ಷೇಪಕ್ಕೆ ಹೆಚ್ಚಿನ ಬಲವಿದೆ. ನಿಗದಿತ ಸಮಯದಲ್ಲಿ ಸಾರ್ವಜನಿಕ ವೀಕ್ಷಣೆ, ವಿದ್ಯಾರ್ಥಿಗಳಿಗೆ ರಿಯಾಯಿತಿ, ಕಟ್ಟಡದ ಇತಿಹಾಸ ತಿಳಿಸುವ ಫಲಕಗಳು ಇಂತಹ ಅಂಶಗಳನ್ನು ಗುತ್ತಿಗೆಯ ಒಪ್ಪಂದದಲ್ಲಿಯೇ ಸೇರಿಸುವುದು ಇದಕ್ಕೊಂದು ಪರಿಹಾರ. ಬಾಡಿಗೆಯ ಒಂದು ಪಾಲನ್ನು ದುರಸ್ತಿಗೆಂದೇ ಮೀಸಲಿಡುವ ಷರತ್ತು ಇನ್ನೊಂದು. ಶಾಸನಗಳ ಜೀರ್ಣೋದ್ಧಾರ ದತ್ತಿಯ ಹಿಂದೆ ಇದ್ದ ವಿವೇಕವೂ ಇದೇ.

ಕೃತಕತೆಯ ಬಗೆಗೂ ಆಕ್ಷೇಪವಿದೆ. ಎಂದೂ ಇಲ್ಲದಿದ್ದ ಕಮಾನುಗಳನ್ನೂ ಹೊಳೆಯುವ ಲೇಪಗಳನ್ನೂ ಸೇರಿಸಿ ಹಳತನವನ್ನು ‘ಸೃಷ್ಟಿಸುವ’ ನವೀಕರಣಗಳು ಕಟ್ಟಡದ ಚರಿತ್ರೆಯನ್ನು ಸುಳ್ಳಾಗಿಸುತ್ತವೆ. ಹೊಸದು ಹೊಸದೆಂದು ತಿಳಿಯುವಂತಿರಬೇಕು, ಹಳೆಯದರೊಡನೆ ಹೊಂದುವಂತೆಯೂ ಇರಬೇಕು ಎಂಬುದು ವೆನಿಸ್ ಸನ್ನದಿನ ನಿಲುವು.

ವಿಜಯಪುರ ಜಿಲ್ಲೆಯ ಸಂದರ್ಭ

ವಿಜಯಪುರ ನಗರದ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜಾಮಿ ಮಸೀದಿ, ಬಾರಾಕಮಾನ್ ಮುಂತಾದವು ಕೇಂದ್ರದ ಸಂರಕ್ಷಿತ ಸ್ಮಾರಕಗಳಾಗಿದ್ದು, ಅವುಗಳಿಗೆ ಸಂರಕ್ಷಣೆಯೇ ದಾರಿ. ಸ್ಮಾರಕಗಳು ಒತ್ತೊತ್ತಾಗಿರುವ ನಗರವಾದ್ದರಿಂದ ಅವುಗಳ ಸುತ್ತಲಿನ ಹಳೆಯ ಕಟ್ಟಡಗಳ ಮಾರ್ಪಾಡಿಗೂ ಮೇಲೆ ಹೇಳಿದ ನಿಯಮಗಳು ಅನ್ವಯಿಸಬಹುದು.

ಪಾರಂಪರಿಕ ಹೋಟೆಲ್ ಎಂಬ ಕಲ್ಪನೆ ಅರಮನೆಗಳಿಗಷ್ಟೇ ಸೀಮಿತವಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳು ಸೇರಿರುವ ಈ ಸೀಮೆಯ ಊರುಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಪಡಸಾಲೆ, ಒಳ ಅಂಗಳ, ಮರದ ಕಂಬ ಮತ್ತು ಮಾಳಿಗೆಗಳಿಂದ ಕೂಡಿದ ಮನೆಗಳೂ ವಾಡೆಗಳೂ ಸಾಂಪ್ರದಾಯಿಕ ರಚನೆಗಳಾಗಿವೆ. ಸಾರವಾಡದಂತಹ ಗ್ರಾಮಗಳಿಗೂ ಈ ಮಾತು ಅನ್ವಯಿಸುತ್ತದೆ. 1950ಕ್ಕೆ ಮುನ್ನ ಕಟ್ಟಿದ 5 ಕೋಣೆಗಳ ಒಂದು ವಾಡೆಯೂ ಉಳಿದ ಷರತ್ತುಗಳನ್ನು ಪೂರೈಸಿದರೆ ಪಾರಂಪರಿಕ ಹೋಟೆಲಾಗಬಹುದು. ಬೇಸಗೆಯ ಬಿಸಿಲನ್ನು ತಡೆಯುವ ದಪ್ಪ ಗೋಡೆಯೂ ಮಣ್ಣಿನ ಮಾಳಿಗೆಯೂ ಇಂತಹ ಮನೆಯ ಸಹಜ ಸೌಕರ್ಯಗಳು.

ಹಳೆಯ ಮನೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವ ಮುನ್ನ ಅದರ ಅಳತೆ, ಛಾಯಾಚಿತ್ರ ಮತ್ತು ಕಟ್ಟಿದ ಕಾಲದ ಕಾಗದಪತ್ರಗಳನ್ನು ಸಂಗ್ರಹಿಸಿಡುವುದು ಉಪಯುಕ್ತ. ಮುಂದೆ ಯಾವ ಬಗೆಯ ಮರುಬಳಕೆಗೆ ಮುಂದಾದರೂ ಕಟ್ಟಡದ ಕಾಲವನ್ನೂ ಮೂಲ ಸ್ವರೂಪವನ್ನೂ ತೋರಿಸುವ ಇಂತಹ ದಾಖಲೆಗಳ ನೆರವು ಅಗತ್ಯವಾಗುತ್ತದೆ.